ಸೆಕ್ಸ್ ಥೆರಪಿಗೆ ಮೊದಲ ಸಲ ಹೋಗ್ತಿದ್ದೇವೆ, ಒಳಗೆ ಏನು ಮಾಡ್ತಾರೆ?

ಮದುವೆಯಾಗಿ ಎರಡು ವರ್ಷವಾದರೂ ಕೂಡಲು ಆಗಿಲ್ಲ, ಮುಂದಿನ ವಾರ ಮೈಸೂರಿನಲ್ಲಿ ಸೆಕ್ಸ್ ಥೆರಪಿಗೆ ಅಪಾಯಿಂಟ್‌ಮೆಂಟ್ ಇದೆ ಅಂದಿದ್ದೀರಿ. ಬಟ್ಟೆ ಬಿಚ್ಚಬೇಕಾ, ಗಂಡನೂ ಬರಲೇಬೇಕಾ, ಎಷ್ಟು ದಿನ ಹಿಡಿಯುತ್ತೆ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಬೇಕು ಅಂದುಕೊಂಡು ಕೇಳದೇ ಉಳಿದಿದ್ದೆ. ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಬಟ್ಟೆ ಬಿಚ್ಚಬೇಕಾಗಿಲ್ಲ. ಥೆರಪಿಸ್ಟ್ ನಿಮ್ಮನ್ನು ಮುಟ್ಟುವುದೂ ಇಲ್ಲ. ಎದುರು ಕೂತು ಮಾತಾಡುವುದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಅಷ್ಟೇ. ದೇಹ ಪರೀಕ್ಷೆ ಬೇಕು ಅನಿಸಿದರೆ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸುತ್ತಾರೆ. ಅಲ್ಲೂ ನಿಮ್ಮ ಒಪ್ಪಿಗೆ ಕೇಳಬೇಕು, ನೀವು ಸಾಕು ಅಂದರೆ ನಿಲ್ಲಿಸಬೇಕು. ಥೆರಪಿ ಹೆಸರಿನಲ್ಲಿ ಯಾರಾದರೂ ಮೈ ಮುಟ್ಟಲು ಬಂದರೆ ಅದು ಥೆರಪಿ ಅಲ್ಲ. ತಕ್ಷಣ ಎದ್ದು ಬನ್ನಿ.

ನಮ್ಮದು ಮಂಡ್ಯ. ಮದುವೆಯಾಗಿ ಮೂರು ವರ್ಷ ಹೀಗೇ ಕಳೆದಿತ್ತು. ಇವರು ಹತ್ತಿರ ಬಂದರೆ ಸಾಕು, ನನ್ನ ತೊಡೆ ಬಿಗಿದುಕೊಳ್ಳುತ್ತಿತ್ತು. ಪ್ರಯತ್ನಪಟ್ಟರೆ ಉರಿ, ನೋವು. ನನಗೆ ನೋವಾಗುತ್ತದೆ ಅನ್ನೋ ಭಯದಲ್ಲಿ ಇವರಿಗೂ ನಿಮಿರುವುದು ನಿಂತುಹೋಯಿತು. ಯಾರ ಮನೆ ಮದುವೆಗೆ ಹೋದರೂ ‘ಏನಮ್ಮ, ಏನಾದ್ರೂ ವಿಶೇಷ ಇದ್ಯಾ?’ ಅನ್ನೋರು. ಅತ್ತೆ ಗಂಜಾಂನ ನಿಮಿಷಾಂಬ ದೇವಿಗೆ ಹರಕೆ ಹೊತ್ತರು. ಅವರ ಪಕ್ಕ ಕೈಮುಗಿದು ನಿಂತಾಗ ನನಗೆ ಅಳು ತಡೆಯಲು ಆಗುತ್ತಿರಲಿಲ್ಲ. ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆ. ‘ಎಲ್ಲರೂ ಮಾಡೋದೇ ಅಲ್ವಾ, ಮನಸ್ಸು ಗಟ್ಟಿ ಮಾಡ್ಕೊಳ್ಳಮ್ಮ’ ಅಂದು ಕಳಿಸಿದರು. ಆ ಒಂದು ಮಾತಿನಿಂದ ಮತ್ತೆ ಒಂದು ವರ್ಷ ಯಾರ ಹತ್ತಿರವೂ ಹೋಗಲಿಲ್ಲ.

ಥೆರಪಿಯ ಮೊದಲ ದಿನ ನನಗೆ ಕಷ್ಟವಾಗಿದ್ದು ನಾಚಿಕೆಗಿಂತ ಜಾಸ್ತಿ, ಮಾತು. ನಾನು ‘ಅದು ಆಗ್ತಿಲ್ಲ ಮೇಡಂ’ ಅಂದೆ. ‘ಅದು ಅಂದ್ರೆ ಯಾವುದು?’ ಅಂದರು. ಗದರಿದ ಹಾಗಲ್ಲ, ನಿಜವಾಗಿ ತಿಳಿಯಲು ಕೇಳಿದರು. ನನ್ನ ಬಾಯಲ್ಲಿ ಒಂದು ಪದವೂ ಇರಲಿಲ್ಲ. ಪುಸ್ತಕದ ಪದ ಹೇಳಿದರೆ ಪರೀಕ್ಷೆಗೆ ಉತ್ತರ ಬರೆದ ಹಾಗಿರುತ್ತದೆ. ಬೀದಿಯಲ್ಲಿ ಕೇಳೋ ಪದಗಳೆಲ್ಲ ಬೈಗುಳ. ಇಂಗ್ಲಿಷಿನದು ನಮ್ಮಿಬ್ಬರ ಮಾತಲ್ಲ. ಅಮ್ಮನೂ ನನಗೆ ‘ಆ ಜಾಗ’ ಅಂತಲೇ ಹೇಳಿಕೊಟ್ಟಿದ್ದರು. ಮೇಡಂ ಒಂದು ಚಿತ್ರ ತೆಗೆದು ಪ್ರತಿ ಭಾಗವನ್ನೂ ತೋರಿಸಿದರು. ‘ನೀವಿಬ್ಬರೂ ಇದನ್ನ ಏನಂತ ಕರೀತೀರಾ? ನಿಮಗೆ ಹಿತ ಅನ್ನಿಸೋ ಹೆಸರು ನೀವೇ ಇಟ್ಟುಕೊಳ್ಳಿ’ ಅಂದರು. ಅವತ್ತು ರೈಲಿಗೆ ಇನ್ನೂ ಟೈಮ್ ಇತ್ತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಮೂರು ಪದ ಆರಿಸಿಕೊಂಡೆವು. ಮೂರು ವರ್ಷದಲ್ಲಿ ನಾವು ಆ ವಿಷಯವನ್ನು ಜಗಳವಿಲ್ಲದೆ ಮಾತಾಡಿದ್ದು ಅದೇ ಮೊದಲು.

ಗಂಡ ಬರಲೇಬೇಕು ಅಂತ ನಿಯಮ ಇಲ್ಲ, ಒಬ್ಬರೇ ಹೋಗಿಯೂ ಶುರು ಮಾಡಬಹುದು. ಆದರೆ ಬಂದರೆ ಒಳ್ಳೆಯದು. ಮೊದಲು ಇಬ್ಬರನ್ನೂ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸುವುದು ಸಾಮಾನ್ಯ. ಒಬ್ಬರೇ ಇದ್ದಾಗ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಾರಾ ಅಂತ ಮೊದಲೇ ಕೇಳಿಬಿಡಿ. ಬಾಲ್ಯದಲ್ಲಿ ಕೆಟ್ಟ ಅನುಭವ ಆಗಿತ್ತಾ ಅಂತಲೂ ಕೇಳಬಹುದು. ‘ಇವತ್ತು ಬೇಡ’ ಅನ್ನುವ ಹಕ್ಕು ನಿಮಗಿದೆ.

ಇವರಿಗೆ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಬರೆದರು. ಎರಡೂ ರಕ್ತನಾಳಕ್ಕೆ ಪೆಟ್ಟು ಕೊಟ್ಟು ನಿಮಿರುವುದನ್ನು ಕೆಡಿಸಬಲ್ಲವು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಆಸೆ ಕುಗ್ಗಿಸುತ್ತವೆ. ಅದಕ್ಕೇ ಮನೇಲಿರೋ ಮಾತ್ರೆಗಳ ಸ್ಟ್ರಿಪ್ ಎಲ್ಲ ತಗೊಂಡು ಹೋಗಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಲ್ಡೆನಾಫಿಲ್, ಅಂದರೆ ನಿಮಿರಲು ಕೊಡುವ ವಯಾಗ್ರ ಥರದ ಮಾತ್ರೆ, ಕೇಳಿ ತಗೋಬೇಡಿ. ಹೃದಯಕ್ಕೆ ನೈಟ್ರೇಟ್ ಅನ್ನೋ ಔಷಧಿ ತಗೊಳ್ಳುವವರಿಗೆ ಅದು ಪ್ರಾಣಾಪಾಯ.

ನನಗಿದ್ದದ್ದು ವಜೈನಿಸ್ಮಸ್. ಕಣ್ಣಿಗೆ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚುತ್ತದಲ್ಲ, ಹಾಗೆಯೇ ಯೋನಿ ಸುತ್ತಲಿನ ಸ್ನಾಯುಗಳು ನಮ್ಮನ್ನು ಕೇಳದೇ ಬಿಗಿಯುತ್ತವೆ. ಗಟ್ಟಿ ಮನಸ್ಸು ಮಾಡಿದರೆ ಇನ್ನೂ ಬಿಗಿಯುತ್ತವೆ. ಇದು ಗೊತ್ತಾದಾಗ ನನಗೆ ಆ ಡಾಕ್ಟರ್ ಮಾತು ಎದೆಯಿಂದ ಇಳಿಯಿತು.

ಎರಡನೇ ಸಲ ಹೋದಾಗ ಮೇಡಂ ಒಂದು ವಿಚಿತ್ರ ಮಾತು ಹೇಳಿದರು: ‘ಇನ್ನು ನಾನು ಹೇಳೋವರೆಗೂ ಕೂಡುವ ಪ್ರಯತ್ನವೇ ಬೇಡ’. ಇವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ನನಗೂ ಹಾಗೇ ಹಗುರವಾಯಿತು. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನುವ ಜೋಡಿ ರೂಪಿಸಿ, 1970ರ ಹೊತ್ತಿಗೆ ಎಲ್ಲರಿಗೂ ಗೊತ್ತಾದ ವಿಧಾನವಂತೆ ಅದು. ಮನೆಯಲ್ಲಿ ಮಾಡಲು ಹೋಂವರ್ಕ್ ಕೊಡುತ್ತಾರೆ. ವಾರಕ್ಕೆ ಎರಡು ಮೂರು ಸಲ ಬಾಗಿಲು ಹಾಕಿಕೊಂಡು, ಒಬ್ಬರು ಇನ್ನೊಬ್ಬರ ಬೆನ್ನು, ತೋಳು, ಕಾಲು ಮುಟ್ಟುವುದು. ಎದೆ ಬೇಡ, ಕೆಳಗೂ ಬೇಡ. ಬೆರಳಿಗೆ ಬಿಸಿ ಅನಿಸಿತಾ, ತಣ್ಣಗಿತ್ತಾ, ಅಷ್ಟು ಗಮನಿಸಿದರೆ ಸಾಕು. ವಾರಗಳು ಕಳೆದ ಹಾಗೆ ಒಂದೊಂದೇ ಗಡಿ ಸಡಿಲ ಮಾಡುತ್ತಾರೆ. ನನಗೆ ಬೇರೆಯಾಗಿ ಹೊಟ್ಟೆಯಿಂದ ಉಸಿರಾಡುವುದು, ಸ್ನಾಯು ಸಡಿಲ ಬಿಡುವುದು, ಆಮೇಲೆ ಡೈಲೇಟರ್. ಅವು ಸಣ್ಣದರಿಂದ ದೊಡ್ಡದರವರೆಗೆ ಇರುವ ನಯವಾದ ಕೊಳವೆಗಳು. ಜೆಲ್ ಹಚ್ಚಿ, ನನ್ನ ಕೈಯಿಂದಲೇ, ನನ್ನ ವೇಗಕ್ಕೆ ಒಳಗೆ ಸೇರಿಸುವುದು. ನೋವಾದರೆ ನಿಲ್ಲಿಸುವುದೇ ಅಭ್ಯಾಸ.

ಅತ್ತೆ, ಮಾವ ಇರುವ ಮನೆಯಲ್ಲಿ ಒಂದು ಗಂಟೆ ಬಾಗಿಲು ಹಾಕಿಕೊಳ್ಳುವುದು ಸುಲಭ ಅಲ್ಲ. ಇದನ್ನೂ ಥೆರಪಿಸ್ಟ್‌ಗೆ ಹೇಳಿ, ಅದಕ್ಕೆ ತಕ್ಕ ಹಾಗೆ ಬದಲಿಸುತ್ತಾರೆ. ನಮ್ಮದು ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿತು.

ಯಾರ ಹತ್ತಿರ ಹೋಗುತ್ತಿದ್ದೀರಿ ಅಂತ ಬರೆದಿಲ್ಲ. ನಮ್ಮಲ್ಲಿ ಸೆಕ್ಸ್ ಥೆರಪಿಸ್ಟ್ ಅನ್ನೋದಕ್ಕೆ ಪ್ರತ್ಯೇಕ ಲೈಸೆನ್ಸ್ ಇಲ್ಲ. ಹಾಗಾಗಿ ಅವರು ಮನೋವೈದ್ಯರಾ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟಾ ಅಂತ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿದರೆ ತಪ್ಪಿಲ್ಲ. ಗೋಡೆ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ‘ಗ್ಯಾರಂಟಿ’ ಅಂತ ಅಂಟಿಸುವವರ ಹತ್ತಿರ ಹೋಗಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿ ಅಂತ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಖಾಸಗಿ ಶುಲ್ಕ ಭಾರ ಅನಿಸಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ನಮಗೆ ಹಿಡಿದದ್ದು ಏಳು ತಿಂಗಳು, ಹದಿನಾಲ್ಕು ಸಲ ಮೈಸೂರಿಗೆ ಹೋಗಿ ಬಂದೆವು. ಮೂರನೇ ತಿಂಗಳಲ್ಲಿ ಎಲ್ಲ ಹಿಂದಕ್ಕೆ ಹೋದ ಹಾಗಾಗಿತ್ತು, ಬಿಟ್ಟುಬಿಡೋಣ ಅಂದುಕೊಂಡಿದ್ದೆವು. ಅದನ್ನೂ ಮೇಡಂಗೆ ಹೇಳಿದೆವು, ಒಂದು ಮೆಟ್ಟಿಲು ಕೆಳಗಿಳಿಸಿ ಮತ್ತೆ ಶುರು ಮಾಡಿಸಿದರು. ನಿಮಗೆ ಇನ್ನೂ ಬೇಗ ಆಗಬಹುದು, ತಡವೂ ಆಗಬಹುದು.

ಮುಂದಿನ ವಾರ ಇಬ್ಬರೂ ಪೂರ್ತಿ ದಿನ ರಜೆ ಹಾಕಿ. ಒಬ್ಬರು ಆಫೀಸಿಗೆ ಓಡುವ ಹಾಗಿರಬಾರದು. ಅವತ್ತು ಸಂಜೆ ಮನೆಗೆ ನೆಂಟರು ಬರದ ಹಾಗೂ ನೋಡಿಕೊಳ್ಳಿ.