ಇಲಿಗೆ ತಗಲದ ಕೊರೊನಾಕ್ಕೆ ಇಲಿಯ ಮೇಲೆ ಪರೀಕ್ಷೆ ಹೇಗೆ?

ಪ್ರಶ್ನೆ: ಕೊರೊನಾ ವೈರಸ್ ಇಲಿಗಳಿಗೆ ತಗಲುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಅದರ ಲಸಿಕೆಯನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದು ಹೇಗೆ? ಪ್ರಾಣಿಗಳಲ್ಲಿ ಬಂದ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬಹುದು?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಓದಿದ್ದು 2020ರ ಆರಂಭದಲ್ಲಿ ಹರಡಿದ ಮೂಲ ವೈರಸ್ಸಿನ ಮಟ್ಟಿಗೆ ನಿಜ. ಅದು ಜೀವಕೋಶದ ಹೊರಮೈಯಲ್ಲಿರುವ ಎಸಿಇ2 ಎಂಬ ಪ್ರೋಟೀನನ್ನು ಹಿಡಿದು ಒಳಹೊಗುತ್ತದೆ. ಇಲಿಯ ಎಸಿಇ2 ನಮ್ಮದಕ್ಕಿಂತ ಭಿನ್ನವಾದ್ದರಿಂದ ಅಲ್ಲಿ ವೈರಸ್ಸಿಗೆ ಹಿಡಿತ ಸಿಗುತ್ತಿರಲಿಲ್ಲ. ಆದರೆ ಲಸಿಕೆಯಿಂದ ಪ್ರತಿಕಾಯಗಳು ಹುಟ್ಟುತ್ತವೆಯೇ ಎಂದು ತಿಳಿಯಲು ಇಲಿಗೆ ರೋಗ ಬರಲೇಬೇಕೆಂದಿಲ್ಲ. ರೋಗದಿಂದ ರಕ್ಷಣೆ ಸಿಗುತ್ತದೆಯೇ ಎಂದು ನೋಡುವಾಗ ಮಾತ್ರ ಮನುಷ್ಯರ ಎಸಿಇ2 ವಂಶವಾಹಿಯನ್ನು ಸೇರಿಸಿದ ಇಲಿಗಳು ಬೇಕಾಗುತ್ತವೆ. ಕೊರೊನಾ ಗುಂಪಿನದೇ ಇನ್ನೊಂದು ವೈರಸ್ಸಿನಿಂದ ಬರುವ ಸಾರ್ಸ್ ರೋಗದ ಅಧ್ಯಯನಕ್ಕಾಗಿ ಅಮೆರಿಕದ ಅಯೋವಾದ ವಿಜ್ಞಾನಿಗಳು ಅಂಥ ತಳಿಯೊಂದನ್ನು ರೂಪಿಸಿ 2007ರಲ್ಲೇ ವರದಿ ಮಾಡಿದ್ದರು. ಸಾರ್ಸ್ ಮರೆಯಾಗಿ ವರ್ಷಗಳೇ ಕಳೆದಿದ್ದರೂ ಆ ಕೆಲಸ ಕೋವಿಡ್ ಕಾಲದಲ್ಲಿ ನೆರವಿಗೆ ಬಂತು. ತಕ್ಷಣದ ಉಪಯೋಗ ಕಾಣದ ಸಂಶೋಧನೆಗೂ ಹಣ ಒದಗಿಸಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ಇಲಿಯನ್ನು ಹೋಲುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಿಗಾದರೋ ಯಾವ ಮಾರ್ಪಾಡೂ ಬೇಕಿರಲಿಲ್ಲ. ಸೋಂಕು ತಗಲಿದರೆ ಅವುಗಳ ತೂಕ ಇಳಿಯುತ್ತದೆ, ಶ್ವಾಸಕೋಶ ಕೆಡುತ್ತದೆ. ನಮ್ಮ ಕೋವ್ಯಾಕ್ಸಿನ್ ಅನ್ನು ಹ್ಯಾಮ್‌ಸ್ಟರ್‌ಗಳ ಮೇಲೂ 20 ರೀಸಸ್ ಕೋತಿಗಳ ಮೇಲೂ ಪರೀಕ್ಷಿಸಲಾಯಿತು.

ಎಷ್ಟು ನಂಬಬಹುದು ಎಂಬುದು ನಾವು ಏನನ್ನು ಕೇಳುತ್ತಿದ್ದೇವೆ ಎಂಬುದನ್ನು ಅವಲಂಬಿಸಿದೆ. ಆಕ್ಸ್‌ಫರ್ಡ್ ಲಸಿಕೆಯ (ನಮ್ಮಲ್ಲಿ ಕೋವಿಶೀಲ್ಡ್) ಒಂದೇ ಡೋಸ್ ಪಡೆದ ಆರು ರೀಸಸ್ ಕೋತಿಗಳಿಗೆ ವೈರಸ್ ಹಾಕಿದಾಗ ಒಂದಕ್ಕೂ ನ್ಯುಮೋನಿಯಾ ಬರಲಿಲ್ಲ, ಆದರೆ ಅವುಗಳ ಮೂಗಿನಲ್ಲಿ, ಲಸಿಕೆ ಪಡೆಯದ ಕೋತಿಗಳಲ್ಲಿದ್ದಷ್ಟೇ ವೈರಸ್ ಇತ್ತು. ಲಸಿಕೆ ಕಾಯಿಲೆಯ ತೀವ್ರತೆಯನ್ನು ತಗ್ಗಿಸಬಹುದು, ಸೋಂಕನ್ನು ಪೂರ್ತಿ ತಡೆಯಲಿಕ್ಕಿಲ್ಲ ಎಂಬ ಸುಳಿವು 2020ರ ಮೇ ತಿಂಗಳಲ್ಲೇ ಹೀಗೆ ಸಿಕ್ಕಿತ್ತು. ಎರಡು ಡೋಸ್ ಪಡೆದವರಿಗೂ ಸೋಂಕು ತಗಲಿದಾಗ ಜನರಿಗೆ ಆದ ಆಘಾತವನ್ನು ನೆನೆದರೆ, ಆ ಪ್ರಾಣಿಗಳ ಜೀವ ತೆತ್ತು ಪಡೆದ ಈ ಮಾಹಿತಿಯನ್ನು ನಾವು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು ಎನಿಸುತ್ತದೆ. ಔಷಧಗಳ ವಿಷಯದಲ್ಲೂ ಹಾಗೆಯೇ: ಪ್ರಯೋಗಾಲಯದ ಜೀವಕೋಶಗಳಲ್ಲಿ ವೈರಸ್ಸನ್ನು ತಡೆದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧ ಕೋತಿಗಳಲ್ಲಿ ಫಲ ಕೊಡಲಿಲ್ಲ, ಮನುಷ್ಯರ ದೊಡ್ಡ ಪರೀಕ್ಷೆಗಳಲ್ಲೂ ಕೊಡಲಿಲ್ಲ.

ಆದರೆ ಅಪರೂಪದ ಅಡ್ಡಪರಿಣಾಮಗಳನ್ನು ಬೆರಳೆಣಿಕೆಯ ಪ್ರಾಣಿಗಳಲ್ಲಿ ಕಾಣಲಾಗದು. ಅದೇ ಆಕ್ಸ್‌ಫರ್ಡ್ ಲಸಿಕೆಯಿಂದ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾದದ್ದು ಬೆಳಕಿಗೆ ಬಂದದ್ದು, ಲಕ್ಷಾಂತರ ಜನರಿಗೆ ಅದನ್ನು ಕೊಟ್ಟ ಮೇಲೆ, 2021ರಲ್ಲಿ.