ಮೂರನೇ ಸಾಲು

ನಾನು ಕಾಲೇಜಿನ ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿಯ ಕಥೆ ಇದು. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ತೋರಿಸಿ, ಒಪ್ಪಿಗೆ ಪಡೆದಿದ್ದೇನೆ. ಇಲ್ಲಿ ಅವಳನ್ನು ಸುಮಾ ಅನ್ನೋಣ.

ವಯಸ್ಸು 19. ಬಿ.ಎ. ಎರಡನೇ ವರ್ಷ, ತತ್ವಶಾಸ್ತ್ರ. ಪಿಯುಸಿಯಲ್ಲಿ ತರ್ಕಶಾಸ್ತ್ರಕ್ಕೆ 90ರ ಮೇಲೆ ತೆಗೆದಿದ್ದವಳು, ಈಗ ಲಾಜಿಕ್ ಇಂಟರ್ನಲ್‌ನಲ್ಲಿ 20ಕ್ಕೆ 4. "ಏನೋ ಆಗಿದೆ ಮೇಡಂ, ಒಂದ್ಸಲ ಮಾತಾಡಿಸಿ" ಎಂದು ಅವಳ ಮೇಷ್ಟ್ರೇ ಕಳಿಸಿದ್ದರು.

ತತ್ವಶಾಸ್ತ್ರ ಎಂದರೆ ಮನೆಯಲ್ಲಿ ಜಗಳ ಇರಬಹುದು ಅಂದುಕೊಂಡೆ. ಇತ್ತಂತೆ, ಆದರೆ ಅದು ಹಳೆಯದು. ಅಪ್ಪನಿಗೆ ಬಿ.ಕಾಂ. ಆಸೆ. ಐಎಎಸ್ ಮುಖ್ಯ ಪರೀಕ್ಷೆಯಲ್ಲಿ 2013ರಿಂದ ನೀತಿಗೇ 250 ಅಂಕದ ಪತ್ರಿಕೆ ಇದೆ, ತತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತಗೊಂಡರೆ ಇನ್ನೂ 500 ಅಂಕ ಎಂದು ಲೆಕ್ಕ ತೋರಿಸಿ ಒಪ್ಪಿಸಿದ್ದಳು. ಜಾಣೆ.

ನಿಜವಾದ ವಿಷಯ ಅಜ್ಜಿಯದು. ಹೊಟ್ಟೆನೋವು ಎಂದು ದೊಡ್ಡಾಸ್ಪತ್ರೆಗೆ ತೋರಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಅಪ್ಪ, ದೊಡ್ಡಪ್ಪ ಸೇರಿ ಅಜ್ಜಿಗೆ ಹೇಳೋದು ಬೇಡ ಎಂದು ತೀರ್ಮಾನಿಸಿದರು. ಒಂದು ಸಂಜೆ ಅಜ್ಜಿ ಎಲೆಅಡಿಕೆ ಚೀಲ ಪಕ್ಕಕ್ಕಿಟ್ಟು, ಆಸ್ಪತ್ರೆಯ ನೀಲಿ ಫೈಲನ್ನು ಸುಮಾಳ ಕೈಗೆ ಕೊಟ್ಟರು. "ನೀನು ಓದ್ದೋಳು. ಇದ್ರಲ್ಲಿ ಏನು ಬರ್ದವ್ರೆ ಹೇಳು ಮಗಾ." ಮನೆಯಲ್ಲಿ ಇಂಗ್ಲಿಷ್ ಓದಲು ಬರುವುದು ಅವಳೊಬ್ಬಳಿಗೇ. ಹಾಳೆಯ ಮೇಲೆ ಬೆರಳಿಟ್ಟು, ಒಂದೊಂದೇ ಸಾಲು ಓದುವವಳಂತೆ ಬೆರಳು ಸರಿಸುತ್ತಾ, "ಗ್ಯಾಸ್ಟ್ರಿಕ್ ಅಂತ ಇದೆ ಅಜ್ಜಿ" ಅಂದಳು.

"ಸುಳ್ಳು ಹೇಳಿದ್ದಕ್ಕಿಂತ ಬೆರಳು ಸರಿಸಿದ್ದು ಜಾಸ್ತಿ ಚುಚ್ಚುತ್ತೆ ಮೇಡಂ."

ಅದೇ ವಾರ ಕಾಲೇಜಿನಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಪಾಠ. 1797ರಲ್ಲಿ ಆತ ಬರೆದ ಒಂದು ಪುಟ್ಟ ಪ್ರಬಂಧವಿದೆ. ನಿಮ್ಮ ಗೆಳೆಯ ನಿಮ್ಮ ಮನೆಯೊಳಗೆ ಅಡಗಿದ್ದಾನೆ. ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು, ಒಳಗಿದ್ದಾನಾ ಎಂದು ಕೇಳುತ್ತಾನೆ. ಅವನಿಗೂ ಸುಳ್ಳು ಹೇಳುವಂತಿಲ್ಲ ಅನ್ನುತ್ತಾನೆ ಕಾಂಟ್. ಕ್ಲಾಸಲ್ಲಿ ಎಲ್ಲರೂ ನಕ್ಕರಂತೆ. ಇವಳೊಬ್ಬಳು ನಗಲಿಲ್ಲ.

ಮೊದಲ ದಿನ ನಾನು ತಪ್ಪು ಮಾಡಿದೆ. "ಒಳ್ಳೇದಕ್ಕೆ ಹೇಳಿದ ಸುಳ್ಳು, ಬಿಡಮ್ಮ" ಅಂದುಬಿಟ್ಟೆ. "ಅದನ್ನ ಮಿಲ್ ಕಡೆಯವರೂ ಹೇಳ್ತಾರೆ ಮೇಡಂ" ಎಂದವಳು ಆಮೇಲೆ ಬಾಯಿ ಬಿಡಲಿಲ್ಲ. ಫಲ ಒಳ್ಳೆಯದಾದರೆ ಮಾಡಿದ್ದೂ ಸರಿ ಅನ್ನುವ ತತ್ವಜ್ಞಾನಿಯಂತೆ ಈ ಮಿಲ್. ಆ ಮುಕ್ಕಾಲು ಗಂಟೆ ದಂಡ. ಹೋಗುವ ಮುಂಚೆ ನಿದ್ದೆ, ಊಟ, ಸಾಯುವ ಯೋಚನೆ ಬರುತ್ತದಾ ಎಂಬುದನ್ನು ನೇರವಾಗಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ನಾನಿರುವುದು ವಾರಕ್ಕೆ ಎರಡೇ ದಿನ, ಹಾಗಾಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಚೀಟಿಯಲ್ಲಿ ಬರೆದುಕೊಟ್ಟೆ.

ನಾನು ಓದಿದ್ದು ಮನಃಶಾಸ್ತ್ರ. ಮುಂದಿನ ಸಲ ಬರಿಗೈಲಿ ಕೂರಬಾರದೆಂದು ಅವಳ ಮೇಷ್ಟ್ರ ಹತ್ತಿರ ಪುಸ್ತಕ ಇಸಿದುಕೊಂಡೆ. ಅದರಲ್ಲಿ ಸಿಕ್ಕಿದ್ದು ಕಾಂಟನಿಗೇ ಬಂದಿದ್ದ ಒಂದು ಕಾಗದ. 1791ರಲ್ಲಿ ಆಸ್ಟ್ರಿಯಾದ ಮರಿಯಾ ಫಾನ್ ಹೆರ್ಬರ್ಟ್ ಎಂಬ ಹೆಣ್ಣುಮಗಳು ಬರೆದದ್ದು. ಬಹಳ ದಿನ ಮುಚ್ಚಿಟ್ಟ ವಿಷಯವನ್ನು ಪ್ರಿಯಕರನಿಗೆ ಹೇಳಿದ್ದಾಳೆ, ಅವನ ಪ್ರೀತಿ ತಣ್ಣಗಾಗಿದೆ, ಬದುಕೇ ಬೇಡವಾಗಿದೆ. ಕಾಂಟ್ ಮರುವರ್ಷ ಉತ್ತರ ಬರೆದ. ಎಲ್ಲವನ್ನೂ ಬಿಚ್ಚಿ ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಮೊದಲನೆಯದು ಮನುಷ್ಯಸಹಜ, ಎರಡನೆಯದು ತಪ್ಪು ಎಂದು ವಿವರಿಸಿದ. ಅವಳು 1793ರಲ್ಲಿ ಮತ್ತೆ ಬರೆದಳು. ಅದಕ್ಕೆ ಅವನ ಉತ್ತರವಿಲ್ಲ. ನನ್ನ ವೃತ್ತಿಯವಳಾಗಿ ಇದನ್ನು ಓದಿ ಸಿಟ್ಟು ಬಂತು. ಆದರೂ ಅವನು ಬಿಡಿಸಿಟ್ಟ ಆ ವ್ಯತ್ಯಾಸ ಸುಮಾಳಿಗೆ ಬೇಕಾಗಿತ್ತು.

ಎರಡನೇ ಭೇಟಿಯಲ್ಲಿ ಅದನ್ನೇ ಅವಳ ಮುಂದಿಟ್ಟೆ. "ಹಾಗಾದ್ರೆ ನಾನು ಮಾಡಿದ್ದು ಎರಡನೇದೇ" ಅಂದಳು. ಹೌದು ಅಂದೆ. ಯಾರಾದರೂ ಹೌದು ಅನ್ನಲಿ ಎಂದೇ ಕಾಯುತ್ತಿದ್ದಳೋ ಏನೋ, ಅಳು ಬಂತು. ಅತ್ತಾದ ಮೇಲೆ ಇನ್ನೊಂದು ಹೊರಬಂತು. ಮೂರು ಭಾನುವಾರದಿಂದ ಊರಿಗೆ ಹೋಗಿಲ್ಲ, ಅಜ್ಜಿಯ ಫೋನ್ ಎತ್ತುತ್ತಿಲ್ಲ. ಮತ್ತೆ ಸುಳ್ಳು ಹೇಳಬೇಕಾದೀತು ಎಂಬ ಭಯ. ನನ್ನ ಲೆಕ್ಕದಲ್ಲಿ ಗ್ಯಾಸ್ಟ್ರಿಕ್ ಅಂದಿದ್ದಕ್ಕಿಂತ ಇದು ದೊಡ್ಡ ಪೆಟ್ಟು. ಮೊಮ್ಮಗಳು ಯಾಕೆ ಬರ್ತಿಲ್ಲ ಅನ್ನುವುದಕ್ಕೆ ಯಾವ ಫೈಲಲ್ಲೂ ಉತ್ತರ ಇಲ್ಲವಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಒಬ್ಬಳೇ ಹೋಗಿ ಎಲ್ಲವನ್ನೂ ಸುರಿದುಬಿಡಬೇಡ. ಅದು ಅಜ್ಜಿಗಿಂತ ನಿನ್ನ ಭಾರ ಇಳಿಸಿಕೊಳ್ಳಲು ಹೇಳಿದಂತಾಗುತ್ತದೆ. ಆದರೆ ಇನ್ನೊಂದು ಸುಳ್ಳೂ ಬೇಡ. ಮತ್ತೆ ಫೈಲ್ ಕೊಟ್ಟರೆ "ಇದನ್ನ ಅಪ್ಪನ ಕೈಲೇ ಕೇಳೋಣ ಅಜ್ಜಿ, ನಾನೂ ಜೊತೇಲಿರ್ತೀನಿ" ಅನ್ನು. ಅಪ್ಪನ ಜೊತೆ ವಾದಕ್ಕೆ ಇಳಿಯಬೇಡ. "ಅಜ್ಜಿಗೆ ಎಷ್ಟು ತಿಳಿಬೇಕು ಅಂತ ಅಜ್ಜೀನೇ ಕೇಳಿದೀವಾ ಅಪ್ಪ?" ಇದೊಂದನ್ನೇ ಕೇಳು. ಕೀಮೋ ಶುರುವಾಗುವ ಮುಂಚೆ ಡಾಕ್ಟರ್ ಅಜ್ಜಿಯ ಒಪ್ಪಿಗೆ ಕೇಳಬೇಕು ಎಂಬುದನ್ನೂ ಹೇಳು. ಎಲ್ಲಕ್ಕಿಂತ ಮೊದಲು ಈ ಭಾನುವಾರ ಊರಿಗೆ ಹೋಗು.

ಆಮೇಲೆ ಲಾಜಿಕ್ ನೋಟ್‌ಬುಕ್ ತೆಗೆಸಿದೆ. ಪಿ, ಕ್ಯೂ ಎಂಬ ಎರಡು ಮಾತು ನಿಜವೋ ಸುಳ್ಳೋ ಎಂಬುದರ ಮೇಲೆ ಇಡೀ ವಾಕ್ಯ ಯಾವಾಗ ನಿಜ ಎಂದು ನಾಲ್ಕು ಸಾಲಲ್ಲಿ ತೋರಿಸುವ ಪಟ್ಟಿಗೆ ಟ್ರುತ್ ಟೇಬಲ್ ಅನ್ನುತ್ತಾರೆ. "ಪಿ ಆದರೆ ಕ್ಯೂ" ಟೇಬಲ್‌ನಲ್ಲಿ ಅವಳು ಬರೆದ ಮೂರನೇ ಸಾಲು ತಪ್ಪು. ಪಿ ಸುಳ್ಳು, ಕ್ಯೂ ನಿಜ ಇದ್ದಾಗ ಇಡೀ ವಾಕ್ಯ ನಿಜ ಹೇಗಾಗುತ್ತೆ ಎಂದು ಅವಳ ತಕರಾರು. "ಮಳೆ ಬಂದ್ರೆ ಕೊಡೆ ತರ್ತೀನಿ" ಎಂದು ನಾನು ಮಾತು ಕೊಟ್ಟೆ ಅಂತ ಇಟ್ಕೋ ಅಂದೆ. ಮಳೆ ಬರಲಿಲ್ಲ, ಸುಮ್ನೆ ಕೊಡೆ ತಂದೆ. ಮಾತು ತಪ್ಪಿದೆನಾ?

"ಇಲ್ಲ."

ನಾಲ್ಕನೇ ಸಾಲು: ಮಳೆಯೂ ಇಲ್ಲ, ಕೊಡೆಯೂ ಇಲ್ಲ?

"ಆಗ್ಲೂ ತಪ್ಪಲಿಲ್ಲ. ಮಳೆ ಬಂದೂ ಕೊಡೆ ತರ್ಲಿಲ್ಲ ಅಂದ್ರೆ ಮಾತ್ರ." ಪೆನ್ ತಗೊಂಡು ಮೂರನೇ ಸಾಲು ತಾನೇ ತಿದ್ದಿದಳು. ಮೇಷ್ಟ್ರೂ ಇದನ್ನೇ ಹೇಳಿದ್ದರಂತೆ. ಆಗ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ.

ಮೂರು ವಾರ ಬಿಟ್ಟು ಬಂದಳು. ಅಪ್ಪ ಮೊದಲು "ಬಂದ್ಳು ನೋಡು, ಹರಿಶ್ಚಂದ್ರನ ಮೊಮ್ಮಗಳು" ಎಂದು ರೇಗಿದರಂತೆ. ರಾತ್ರಿ ತಾವೇ ಅಜ್ಜಿಯ ಮಂಚದ ಹತ್ತಿರ ಕೂತು, "ಅವ್ವ, ಏನು ಬೇಕಾದ್ರೂ ಕೇಳು, ಕೇಳಿದ್ರೆ ನಿಜಾನೇ ಹೇಳ್ತೀನಿ" ಅಂದರಂತೆ. ಅಜ್ಜಿ ತುಂಬ ಹೊತ್ತು ಅಡಿಕೆ ಕತ್ತರಿಸುತ್ತಿದ್ದು, "ಕೂದ್ಲು ಉದುರ್ತದಾ?" ಅಂದರು.

ಉದುರುತ್ತೆ, ಆಮೇಲೆ ಬರುತ್ತೆ ಅಂದರು ಅಪ್ಪ. ಅಜ್ಜಿ ಬೇರೇನೂ ಕೇಳಲಿಲ್ಲ. ಮರುದಿನ ಸುಮಾಳಿಂದ ತಲೆಗೆ ಎಣ್ಣೆ ಹಚ್ಚಿಸಿಕೊಂಡರು. ಕೀಮೋಗೆ ಡಾಕ್ಟರ್ ಕೇಳಿದಾಗ ತಾವೇ ಹೆಬ್ಬೆಟ್ಟು ಒತ್ತಿದರಂತೆ.

"ಮಿಕ್ಕಿದ್ದನ್ನ ಅಜ್ಜಿ ಕೇಳಿಲ್ಲ, ಅಪ್ಪ ಹೇಳಿಲ್ಲ" ಎಂದು ನೋಟ್‌ಬುಕ್ ಬಿಡಿಸಿದಳು ಸುಮಾ. "ನಾಲ್ಕನೇ ಸಾಲು ಮೇಡಂ."