ಹಳೇ ಅಮೆರಿಕನ್ ಕಾರು ಕೊಂಡರೆ ಪಾಲಿಶ್, ವ್ಯಾಕ್ಸ್ ಅಂತ ಏನೇನು ಬೇಕು? ಅದನ್ನೇ ಹಾಟ್ ರಾಡ್ ಅನ್ನುತ್ತಾರಾ?

ಡೆಟ್ರಾಯಿಟ್ ಹತ್ತಿರ ಹೊಸದಾಗಿ ಮನೆ ಮಾಡಿದ್ದೀರಿ, 60ರ ದಶಕದ ಕಾರೊಂದನ್ನು ಕೊಳ್ಳುವ ಆಸೆ ಇದೆ ಅಂದಿರಿ. ನಾನೂ ಇದೇ ಕಡೆಯವನು. ಎಂಟು ವರ್ಷದಿಂದ ಒಂದು 1964ರ ಫೋರ್ಡ್ ಫಾಲ್ಕನ್ ಸಾಕುತ್ತಿದ್ದೇನೆ. ಸಾಕುವುದು ಅಂತಲೇ ಹೇಳಬೇಕು, ಹಸು ಕಟ್ಟಿಕೊಂಡ ಹಾಗೇ ಇದು.

ಎರಡನೇ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಕಾರ್ಖಾನೆಯಿಂದ ಬಂದ ಹಾಗೇ ಉಳಿಸಿಕೊಂಡರೆ ಅದು ಕ್ಲಾಸಿಕ್. ಬಿಚ್ಚಿ, ಕತ್ತರಿಸಿ, ಜೋರಾದ ಎಂಜಿನ್ ಕೂರಿಸಿದರೆ ಹಾಟ್ ರಾಡ್. ಇದು ಬೇರುಬಿಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಮ್ಯೂರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯಂಗಳಗಳ ಮೇಲೆ. ಪುಡಿಗಾಸಿಗೆ ಸಿಗುತ್ತಿದ್ದ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ಹುಡುಗರು ತಂದು, ಮಡ್‌ಗಾರ್ಡು, ಬಾನೆಟ್ಟು, ಮುಂದಿನ ಗಾಜು ಎಲ್ಲ ಕಳಚಿ ತೂಕ ಇಳಿಸಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಡಿಮೆ ಬೆಲೆಯ ಕಾರಿಗೇ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೊಟ್ಟಿದ್ದು ಅವರಿಗೆ ಹಬ್ಬವಾಯಿತು. 65 ಅಶ್ವಶಕ್ತಿ ಈಗ ನಗು ತರಿಸಬಹುದು, ಆಗ ಅದು ದೊಡ್ಡದು. ಆ ವರ್ಷದ ಫೋರ್ಡಿಗೆ ಇವತ್ತಿಗೂ ‘ಡ್ಯೂಸ್’ (ಅಂದರೆ ಎರಡು, 32ರ ಕೊನೆಯ 2) ಅಂತಲೇ ಹೆಸರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕೈಯಲ್ಲಿ ಒಂದಿಷ್ಟು ದುಡ್ಡು, ಒಂದಿಷ್ಟು ಮೆಕ್ಯಾನಿಕ್ ವಿದ್ಯೆ ಎರಡನ್ನೂ ತಂದರು. 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಸ್ಪೀಡ್ ವೀಕ್ ಅನ್ನುವ ವೇಗದ ಸ್ಪರ್ಧೆ ಶುರುವಾಯಿತು. ಬೀದಿ ರೇಸ್ ಬಿಡಿಸಿ ಹುಡುಗರನ್ನು ಟ್ರ್ಯಾಕಿಗೆ ತರಲು 1951ರಲ್ಲಿ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ, ಅಂದರೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು.

ಕಳಚಿ ಎಸೆಯುವುದರಿಂದ ಹುಟ್ಟಿದ ಹವ್ಯಾಸಕ್ಕೆ ಈಗ ಅಂಗಡಿ ತುಂಬ ಬಾಟಲಿ ಮಾರುತ್ತಾರೆ! ಮೊದಲ ವರ್ಷ ನಾನೂ ಒಂದು ಕಪಾಟು ತುಂಬಿಸಿದ್ದೆ. ಅರ್ಧಕ್ಕೂ ಹೆಚ್ಚು ದಂಡ.

ನನ್ನ ಕಾರಿನ ಬಣ್ಣಕ್ಕೆ ಫೋರ್ಡ್ ಇಟ್ಟ ಹೆಸರು ರಂಗೂನ್ ರೆಡ್. ತಂದ ಮೊದಲ ಭಾನುವಾರ ಬಿಳಿ ಬಟ್ಟೆಗೆ ಪಾಲಿಶ್ ಹಾಕಿ ಬಾನೆಟ್ ಉಜ್ಜಿದೆ. ಬಟ್ಟೆ ಕುಂಕುಮದಲ್ಲಿ ಅದ್ದಿದ ಹಾಗೆ ಕೆಂಪಾಯಿತು. ಎದೆ ಧಸಕ್ಕೆಂದಿತು, ಕಾರಿನ ಬಣ್ಣವನ್ನೇ ಕಿತ್ತುಬಿಟ್ಟೆ ಅಂತ. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಅಜ್ಜ, ಕಾರ್ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು, ನಕ್ಕರು. ಅವರು ಬಿಡಿಸಿ ಹೇಳಿದ್ದೇ ನಿಮಗೆ ನನ್ನ ಮುಖ್ಯ ಉತ್ತರ.

ಈಗಿನ ಕಾರಿನಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ನಾವು ಉಜ್ಜುವುದು ಅದನ್ನು. 60ರ ದಶಕದ ಕಾರುಗಳಲ್ಲಿ ಆ ಪದರವೇ ಇರಲಿಲ್ಲ, ಮೇಲಿರುವುದು ಬಣ್ಣವೇ. ಬಿಸಿಲಿಗೆ ಅದರ ಮೇಲ್ಮೈ ಸತ್ತು ಬೂದಿ ಹಿಡಿದಂತಾಗುತ್ತದೆ. ಆ ಸತ್ತ ಪದರ ಬಟ್ಟೆಗೆ ಬರುವುದು ಸಹಜ, ಆದರೆ ಪ್ರತಿ ಸಲ ಉಜ್ಜಿದಾಗಲೂ ಇರುವ ಬಣ್ಣವೇ ತೆಳುವಾಗುತ್ತದೆ. ಶಿವಮೊಗ್ಗದಲ್ಲಿ ನಮ್ಮಪ್ಪನ ಪ್ರೀಮಿಯರ್ ಪದ್ಮಿನಿ ಒರೆಸುವ ಹಳದಿ ಬಟ್ಟೆ ಯಾವಾಗಲೂ ಯಾಕೆ ನೀಲಿಯಾಗಿರುತ್ತಿತ್ತು ಅನ್ನುವುದು ನನಗೆ ಅವತ್ತು ತಿಳಿಯಿತು.

ಹಾಗಾಗಿ ಏನೂ ಕೊಳ್ಳುವ ಮೊದಲು ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಮ್ಮೆ ತಿಕ್ಕಿ ನೋಡಿ. ಬಣ್ಣ ಬಂದರೆ ಹಳೇ ಬಗೆಯ ಪೇಂಟ್. ಬರದಿದ್ದರೆ ಯಾರೋ ಮರುಬಣ್ಣ ಮಾಡಿ ಕ್ಲಿಯರ್ ಹೊಡೆದಿರಬಹುದು. ಹಳೆಯದಾದರೆ ಒರಟು ಕಾಂಪೌಂಡ್ (ಬಣ್ಣ ಸವೆಸುವ ಪೇಸ್ಟ್), ಪಾಲಿಶ್ ಮಷಿನ್ ಎರಡನ್ನೂ ದೂರ ಇಡಿ. ಮೆಗ್ವಾಯರ್ಸ್ ಕಂಪನಿಯ 7ನೇ ನಂಬರಿನ ಗ್ಲೇಜ್, ಅಂದರೆ ಎಣ್ಣೆಯಂಶದ ಹೊಳಪಿನ ದ್ರವ, ದಪ್ಪಗೆ ಸವರಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತಗೆ ಒರೆಸಿ. ಒಣಗಿದ ತಲೆಗೆ ಎಣ್ಣೆ ಹಾಕಿದಂತೆ ಬಣ್ಣ ಕಳೆಗಟ್ಟುತ್ತದೆ. ಆಮೇಲೆ ಕಾರ್ನೂಬಾ ವ್ಯಾಕ್ಸ್, ಅದು ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯ ಮೇಣ. ಇಷ್ಟರ ಜೊತೆ ಎರಡು ಬಕೆಟ್, ಸೌಮ್ಯವಾದ ಕಾರ್ ಶಾಂಪೂ, ಒಂದು ಡಜನ್ ಮೈಕ್ರೋಫೈಬರ್ ಬಟ್ಟೆ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆಯ ಮಣ್ಣು ಜಾಲಿಸುವುದಕ್ಕೆ. ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆಯಲೇಬೇಡಿ, ಕಾರಿನ ಮೇಲೆ ಮರಳುಕಾಗದ ಎಳೆದ ಹಾಗೆ.

ಕ್ರೋಮ್ ಬಂಪರಿನ ಸಣ್ಣ ತುಕ್ಕಿಗೆ ದುಬಾರಿ ಪೇಸ್ಟ್ ಬೇಡ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ನೆನೆಸಿ ತಿಕ್ಕಿದರೆ ಸಾಕು. ಡ್ಯಾಶ್‌ಬೋರ್ಡ್ ಮಿರುಗಿಸುವ ಸಿಲಿಕೋನ್ ಸ್ಪ್ರೇ ಮುಟ್ಟಬೇಡಿ. ಅದರ ಅಂಶ ಬಾಡಿ ಮೇಲೆ ಕೂತರೆ ಮುಂದೆ ಪೇಂಟ್ ಹೊಡೆಯುವಾಗ ಬಣ್ಣ ಅಲ್ಲಲ್ಲಿ ಕುಳಿ ಬೀಳುತ್ತದೆ.

ಮತ್ತೆ ಬ್ರೇಕ್ ಆಯಿಲ್. ಅದನ್ನು ತುಂಬಿಸುವಾಗ ನಾನು ಒಂದು ಚಮಚದಷ್ಟು ಮಡ್‌ಗಾರ್ಡ್ ಮೇಲೆ ಚೆಲ್ಲಿ, ಗಾಬರಿಯಲ್ಲಿ ಬಟ್ಟೆಯಿಂದ ಒರೆಸಿದೆ. ಮರುದಿನ ಅಲ್ಲಿ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಡಾಟ್ 3 ಅನ್ನುವ ಈ ಬಗೆಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಚೆಲ್ಲಿದ ಕ್ಷಣವೇ ಧಾರಾಳ ನೀರು ಸುರಿಯಬೇಕಿತ್ತು. ಆ ಗುರುತು ಇನ್ನೂ ಇದೆ. ಬ್ರೇಕ್ ಅಂದಾಗ ನೆನಪಾಯಿತು: ಆ ಕಾಲದ ಬಹಳಷ್ಟು ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನ್ ವ್ಯವಸ್ಥೆ. ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೇ. ವ್ಯಾಕ್ಸಿಗೆ ಎತ್ತಿಟ್ಟ ದುಡ್ಡನ್ನು ಮೊದಲು ಅಲ್ಲಿ ಹಾಕಿ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೊದಲ ಉಪ್ಪು ಬೀಳುವ ಮುಂಚೆಯೇ ಕಾರು ಗ್ಯಾರೇಜ್ ಸೇರಬೇಕು, ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ನಿಂತ ಕಾರಿಗೆ ನಿಧಾನವಾಗಿ ಚಾರ್ಜ್ ತುಂಬುವುದು) ಹಾಕಬೇಕು. ಹೊದಿಕೆ ಗಾಳಿಯಾಡುವ ಬಟ್ಟೆಯದಿರಲಿ. ಪ್ಲಾಸ್ಟಿಕ್ ಟಾರ್ಪಾಲ್ ತೇವ ಹಿಡಿದಿಡುತ್ತದೆ. ಇಲಿಗಳ ಬಗ್ಗೆ ಹುಷಾರು, ಒಂದು ವರ್ಷ ನನ್ನ ಏರ್ ಫಿಲ್ಟರ್ ಡಬ್ಬದಲ್ಲಿ ಬಾಣಂತನವೇ ಮುಗಿದಿತ್ತು.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇರಲಿ. ಮಾರುವವರನ್ನು ಕೇಳಿ, ತೆಳು ಬಟ್ಟೆ ಸುತ್ತಿ, ಬಾಗಿಲ ಕೆಳಗೆ ಮತ್ತು ಚಕ್ರದ ಕಮಾನಿನ ಸುತ್ತ ಹಿಡಿದು ನೋಡಿ. ಅದು ಅಂಟದ ಕಡೆ ಒಳಗಿರುವುದು ತಗಡಲ್ಲ, ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ.